ಹಳೆಯ ಹಾಟ್ ಟಬ್ಬಿನ ಸೋರಿಕೆ: ದ್ರವ, ಪುಟ್ಟಿ, ಗರಗಸ

ಕೊಡಗಿನ ಸುಂಟಿಕೊಪ್ಪದ ಸಮೀಪ ನಮ್ಮ ತೋಟದ ಹೋಂಸ್ಟೇಯಲ್ಲಿರುವ ಹಾಟ್ ಟಬ್, ಅಂದರೆ ಕೂತು ಮೀಯುವ ಬಿಸಿನೀರಿನ ತೊಟ್ಟಿ, ಹೊಸದಾಗಿ ಕೊಂಡದ್ದಲ್ಲ. ಮುಚ್ಚಿಹೋದ ರೆಸಾರ್ಟೊಂದು ಸಾಮಾನು ಮಾರುವಾಗ ಬಂದ, ಹೊರದೇಶದಲ್ಲಿ ತಯಾರಾದ ಅಕ್ರಿಲಿಕ್ ತೊಟ್ಟಿ ಅದು. ಕಳೆದ ಮಳೆಗಾಲದ ಆರಂಭದಲ್ಲಿ ಅದರ ನೀರು ದಿನಕ್ಕೆ 2.5 ಸೆಂಟಿಮೀಟರಿನಷ್ಟು ಇಳಿಯತೊಡಗಿತು. ಕೇಳಲು ಅಲ್ಪವೆನಿಸಿದರೂ, ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ಎಂದರೆ 40 ಲೀಟರ್. ಆ ಲೆಕ್ಕದಲ್ಲಿ ದಿನಕ್ಕೆ 100 ಲೀಟರ್ ಬಿಸಿನೀರು ನೆಲದ ಪಾಲಾಗುತ್ತಿತ್ತು. ಅತಿಥಿಗಳು ವಿರಳವಾಗುವ ಕಾಲವಾದ್ದರಿಂದ ಮೂರು ವಿಧಾನಗಳನ್ನು ಒಂದಾದ ಮೇಲೊಂದರಂತೆ ಪರೀಕ್ಷಿಸಲು ನನಗೆ ಬಿಡುವು ಸಿಕ್ಕಿತು.

ಮೊದಲು ಇದು ಆವಿಯಾಗುತ್ತಿರುವ ನೀರಲ್ಲ ಎಂಬುದು ಖಚಿತವಾಗಬೇಕಿತ್ತು. ತೊಟ್ಟಿಯೊಳಗಿನ ಮೆಟ್ಟಿಲ ಮೇಲೆ ನೀರು ತುಂಬಿದ ಬಕೆಟ್ ಇಟ್ಟು, ಬಕೆಟ್ಟಿನ ಒಳಗೂ ಹೊರಗೂ ನೀರಿನ ಮಟ್ಟಕ್ಕೆ ಗುರುತು ಹಾಕಿ, ಒಂದು ದಿನ ಬಿಟ್ಟು ನೋಡಿದೆ. ಬಕೆಟ್ಟಿನ ನೀರು ಇದ್ದಲ್ಲೇ ಇತ್ತು, ತೊಟ್ಟಿಯದು ಇಳಿದಿತ್ತು. ಬಳಿಕ ಪಂಪ್ ಓಡಿಸಿ ಒಂದು ದಿನ, ನಿಲ್ಲಿಸಿ ಒಂದು ದಿನ ಅಳೆದಾಗ, ಓಡುವಾಗಲೇ ನಷ್ಟ ಹೆಚ್ಚೆಂದು ತಿಳಿಯಿತು. ಅಂದರೆ ಪಂಪಿನಿಂದ ಜೆಟ್‌ಗಳಿಗೆ (ನೀರು ಚಿಮ್ಮಿಸುವ ರಂಧ್ರಗಳಿಗೆ) ಹೋಗುವ ಒತ್ತಡದ ಕಡೆಯಲ್ಲೇ ದೋಷವಿದೆ. ನೀರೆಳೆದುಕೊಳ್ಳುವ ಕಡೆ ಬಿರುಕಿದ್ದಿದ್ದರೆ ಪಂಪ್ ಗಾಳಿಯನ್ನೂ ಎಳೆದು ಜೆಟ್‌ಗಳಿಂದ ಗುಳ್ಳೆಗಳು ಬರುತ್ತಿದ್ದವು. ಕೊನೆಗೆ ವಿದ್ಯುತ್ತಿನ ಎಂಸಿಬಿ ಸ್ವಿಚ್ ಇಳಿಸಿ ಹಾಗೆಯೇ ಬಿಟ್ಟಾಗ ನೀರು ಕೆಳಸಾಲಿನ ಜೆಟ್‌ಗಳ ಮಟ್ಟಕ್ಕೆ ಬಂದು ನಿಂತಿತು. ಸೋರುವ ಜಾಗವೂ ಅದೇ ಎತ್ತರದಲ್ಲಿರಬೇಕು.

ಪಕ್ಕದ ಹಲಗೆ ಬಿಚ್ಚಿದರೆ ಕಾಣುವುದು ಪೈಪಲ್ಲ, ಶಾಖ ಹಿಡಿದಿಡಲು ತುಂಬಿದ ಹಳದಿ ಫೋಮ್. ಅದನ್ನು ಕೊರೆಯುವ ಧೈರ್ಯ ಬಾರದೆ ಮೊದಲು ದ್ರವಕ್ಕೆ ಮೊರೆಹೋದೆ. ಇದು ಸೋಡಿಯಂ ಸಿಲಿಕೇಟ್ ಆಧಾರಿತ ದ್ರಾವಣ. ನೀರಿನೊಂದಿಗೆ ಸುತ್ತುತ್ತಾ ಬಿರುಕಿನ ಬಾಯಿಗೆ ಬಂದು, ಗಾಳಿ ತಗುಲಿದಲ್ಲಿ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಫಿಲ್ಟರ್ ತೆಗೆದಿಟ್ಟು 24 ಗಂಟೆ ಪಂಪನ್ನು ನಿಲ್ಲಿಸದೆ ಓಡಿಸಬೇಕೆಂಬುದು ಬಾಟಲಿಯ ಮೇಲಿನ ಸೂಚನೆ. ಮಳೆಗಾಲದ ಕೊಡಗಿನಲ್ಲಿ 24 ಗಂಟೆ ಸತತ ಕರೆಂಟ್ ಬೇಕೆನ್ನುವ ಔಷಧಿಯನ್ನು ನಂಬಿ ಕೂತದ್ದು ನನ್ನದೇ ತಪ್ಪು. ನಾಲ್ಕು ಬಾರಿ ಕರೆಂಟ್ ಹೋಯಿತು, ಮನೆಯ ಇನ್ವರ್ಟರ್ ಆ ಪಂಪನ್ನು ಎಳೆಯುವುದಿಲ್ಲ. ಆದರೂ ನಷ್ಟ ಮೂರನೇ ಒಂದು ಪಾಲಿಗೆ ಇಳಿದದ್ದು ನಿಜ. ಮೂರು ವಾರ ಹಾಗೆಯೇ ಇದ್ದು, ಆಮೇಲೆ ಮತ್ತೆ ಏರಿತು. ನೀರಿನಂಚಿನಲ್ಲಿ ಬಿಳಿ ಪೊರೆ ಕಟ್ಟಿದ್ದರಿಂದ ಇಡೀ ತೊಟ್ಟಿ ಖಾಲಿ ಮಾಡಿ ತೊಳೆಯಬೇಕಾಯಿತು. ಖಾಲಿ ಮಾಡುವ ನಾಲ್ಕೈದು ದಿನ ಮೊದಲೇ ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ, ನೀರನ್ನು ಕಾಳುಮೆಣಸಿನ ಬಳ್ಳಿಗಳ ಬುಡಕ್ಕೆ ಹರಿಯದಂತೆ ಬೇರೆ ಕಡೆ ತಿರುಗಿಸಿದ್ದೆ.

ಫೋಮ್ ಅಗೆಯುವುದು ಅನಿವಾರ್ಯವಾಯಿತು. ಹಳೆಯ ಅಡುಗೆ ಚಾಕುವಿನಿಂದ ಸ್ವಲ್ಪ ಸ್ವಲ್ಪವೇ ಕೆರೆಯುತ್ತಾ ಹೋದಾಗ, ನೀರು ತೊಟ್ಟಿಕ್ಕುತ್ತಿದ್ದ ಜಾಗಕ್ಕೂ ಸೋರುತ್ತಿದ್ದ ಜಾಗಕ್ಕೂ ಮುಕ್ಕಾಲು ಮೀಟರ್ ಅಂತರವಿತ್ತು. ಫೋಮಿನೊಳಗೆ ನೀರು ತನಗೆ ಸಿಕ್ಕ ದಾರಿಯಲ್ಲಿ ಸಾಗುತ್ತದೆ. ಒದ್ದೆಯನ್ನು ಮೇಲ್ಮುಖವಾಗಿ ಹಿಂಬಾಲಿಸಬೇಕು. ದೋಷವಿದ್ದದ್ದು ಒಂದು ಟೀ ಜೋಡಣೆಯಲ್ಲಿ (ಮೂರು ಪೈಪುಗಳು ಕೂಡುವ T ಆಕಾರದ ತುಂಡು), ಕೂದಲೆಳೆಯಷ್ಟು ಸೀಳು.

ಅದರ ಮೇಲೆ ಎಪಾಕ್ಸಿ ಪುಟ್ಟಿಯನ್ನು ಪ್ರಯೋಗಿಸಿದೆ. ಉಪ್ಪು ಕಾಗದದಿಂದ ಉಜ್ಜಿ, ಒರೆಸಿ, ಎರಡು ಭಾಗಗಳನ್ನು ಸಮನಾಗಿ ನಾದಿ ಮೆತ್ತಿ, ಮೇಲೆ ತನಗೆ ತಾನೇ ಅಂಟಿಕೊಳ್ಳುವ ಸಿಲಿಕೋನ್ ಟೇಪ್ ಬಿಗಿಯಾಗಿ ಸುತ್ತಿದೆ. ಮರುದಿನ ಒಂದು ಹನಿಯೂ ಇರಲಿಲ್ಲ. ಹನ್ನೊಂದನೆಯ ದಿನ ಪುಟ್ಟಿಯ ಅಂಚಿನಿಂದ ನೀರು ಜಿನುಗಿತು. ಕಾರಣ ಊಹಿಸಲು ಕಷ್ಟವಿಲ್ಲ: ನೀರು ಕಾದು 38 ಡಿಗ್ರಿಗೆ ಏರಿದಾಗ ಪಿವಿಸಿ ಹಿಗ್ಗುತ್ತದೆ, ಪಂಪ್ ಅದನ್ನು ನಡುಗಿಸುತ್ತದೆ, ಗಟ್ಟಿಯಾದ ಪುಟ್ಟಿ ಅದರೊಂದಿಗೆ ಬಾಗುವುದಿಲ್ಲ. ಟ್ಯೂಬಿನಲ್ಲಿ ಸಿಗುವ ಸಿಲಿಕೋನ್ ಸೀಲಂಟಿನ ವಿಷಯ ಬರೆಯುವಷ್ಟಿಲ್ಲ. ಒತ್ತಡವಿರುವ ಪೈಪಿಗೆ ಅದು ಹೇಳಿದ್ದಲ್ಲ.

ಉಳಿದದ್ದು ಆ ತುಂಡನ್ನೇ ಕತ್ತರಿಸಿ ತೆಗೆದು ಹೊಸದನ್ನು ಕೂರಿಸುವ ದಾರಿ. ಕುಶಾಲನಗರದಿಂದ 63 ಮಿಲಿಮೀಟರಿನ ಟೀ ತಂದರೆ ಅದು ಪೈಪಿನ ಮೇಲೆ ಸಡಿಲವಾಗಿ ಆಡಿತು. ಜೊತೆಗೆ ಬಂದಿದ್ದ ಪ್ಲಂಬರ್ ನೋಡಿ, “ಸಾರ್, ಇದು ನಮ್ಮ ಕಡೆ ಪೈಪಲ್ಲ, ಅಂಟು ಜಾಸ್ತಿ ಹಾಕಿದ್ರೂ ನಿಲ್ಲಲ್ಲ” ಎಂದ. ಅವನ ಮಾತು ಸರಿ. ನಮ್ಮ ತೋಟಗಳಲ್ಲಿ ನೀರು ಹಾಯಿಸುವ ಪೈಪುಗಳಿಗೆ 50, 63 ಮಿಲಿಮೀಟರ್ ಎಂಬ ಹೊರವ್ಯಾಸದ ಅಳತೆಯಿದ್ದರೆ, ಹೊರದೇಶದ ಟಬ್ಬುಗಳಲ್ಲಿರುವುದು ಇಂಚಿನ ಅಳತೆ; ಅಲ್ಲಿ ಎರಡಿಂಚಿನ ಪೈಪಿನ ಹೊರವ್ಯಾಸ 60.3 ಮಿಲಿಮೀಟರ್, ಒಂದೂವರೆ ಇಂಚಿನದು 48.3. ಅಂಗಡಿಗೆ ಹೋಗುವ ಮೊದಲು ಪೈಪಿಗೆ ದಾರ ಸುತ್ತಿ ಅಳೆದರೆ ಸಾಕು: ಸುತ್ತಳತೆ 19 ಸೆಂಟಿಮೀಟರಿನ ಆಸುಪಾಸಿದ್ದರೆ ಎರಡಿಂಚಿನ ಪೈಪು, 20ಕ್ಕೆ ಸಮೀಪಿಸಿದರೆ ನಮ್ಮ 63 ಮಿಲಿಮೀಟರಿನದು. ಮನೆಗಳ ಪ್ಲಂಬಿಂಗಿಗೆ ಬಳಸುವ, ಅಮೆರಿಕದ ಎಎಸ್‌ಟಿಎಂ ಅಳತೆಯ ಯುಪಿವಿಸಿ ಫಿಟ್ಟಿಂಗ್‌ಗಳು ಇದಕ್ಕೆ ಸರಿಹೊಂದುತ್ತವೆ. ನನಗೆ ಅವು ಮೈಸೂರಿನಲ್ಲಿ ಸಿಕ್ಕವು.

ಪೈಪು ಜೋಡಿಸುವ ಸಾಲ್ವೆಂಟ್ ಸಿಮೆಂಟ್ ಗೋಂದಿನಂತಲ್ಲ. ಪ್ಲಾಸ್ಟಿಕ್ಕಿನ ಮೇಲ್ಪದರವನ್ನೇ ಕರಗಿಸಿ ಎರಡನ್ನೂ ಬೆಸೆಯುತ್ತದೆ. ಆದ್ದರಿಂದ ಒಂದು ಹನಿ ನೀರು ಉಳಿದರೂ ಬೆಸುಗೆ ಕೆಡುತ್ತದೆ. ಪೈಪಿನಲ್ಲಿ ನಿಂತ ನೀರನ್ನು ಒದ್ದೆ ಎಳೆಯುವ ವ್ಯಾಕ್ಯೂಮ್ ಕ್ಲೀನರಿನಿಂದ ಹೀರಿ ತೆಗೆಯಲು, ಜೋಡಿಸುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಮೊದಲು ಸಿಮೆಂಟ್ ಹಚ್ಚದೆಯೇ ಕೂರಿಸಿ ಗುರುತು ಹಾಕಿ, ಪ್ರೈಮರ್ ಬಳಿದು, ಸಿಮೆಂಟ್ ಹಚ್ಚಿ, ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಒತ್ತಿ ಹಿಡಿದೆವು. ಡಬ್ಬಿಯ ಮೇಲೆ ಕೆಲವೇ ಗಂಟೆ ಸಾಕೆಂದಿದ್ದರೂ, ಚಳಿ ಮತ್ತು ತೇವದಲ್ಲಿ ಬೆಸುಗೆ ನಿಧಾನವಾಗಿ ಗಟ್ಟಿಯಾಗುವುದರಿಂದ ಎರಡು ದಿನ ಕಾದು ನೀರು ತುಂಬಿಸಿದೆವು. ಐದು ತಿಂಗಳಾಯಿತು, ಒಂದು ಹನಿಯೂ ಇಳಿದಿಲ್ಲ.

ಹಾಗೆಂದು ದ್ರವವನ್ನು ನಾನು ತಳ್ಳಿಹಾಕುವುದಿಲ್ಲ. ತೊಟ್ಟಿಯ ನಟ್ಟನಡುವೆ, ಕೈ ಹೋಗದ ಕಡೆ ಸೀಳಿದ್ದರೆ ನಾನೂ ಮತ್ತೆ ಅದನ್ನೇ ಸುರಿಯುವೆ, ಆದರೆ ಮಳೆ ನಿಂತ ಮೇಲೆ. ಪುಟ್ಟಿಗೆ ನನ್ನಲ್ಲಿ ಉಳಿದಿರುವ ಕೆಲಸ ಒಂದೇ: ಶನಿವಾರ ಅತಿಥಿಗಳಿದ್ದು ಶುಕ್ರವಾರ ಸೋರಿಕೆ ಕಂಡರೆ ಸೋಮವಾರದವರೆಗೆ ದೂಡುವುದು. ಕೈ ತಲುಪುವ ಜಾಗದಲ್ಲಿ ಗರಗಸಕ್ಕೆ ಸಾಟಿಯಿಲ್ಲ. ಅಗೆದ ಕುಳಿಗೆ ಮಾತ್ರ ಹೊಸ ಫೋಮ್ ಸಿಂಪಡಿಸಲಿಲ್ಲ. ಥರ್ಮಾಕೋಲ್ ತುಂಡುಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿಯಾಗಿ ಕಟ್ಟಿ ತುರುಕಿದ್ದೇನೆ, ಮತ್ತೆ ಬೇಕಾದಾಗ ಸುಲಭವಾಗಿ ತೆಗೆಯಬಹುದು; ಪಕ್ಕದ ಟೀ ಕೂಡ ಅಷ್ಟೇ ಹಳೆಯದು.