ತಜೂರಾನಾ, ಓಬೊಕ್ಕಾ? ಎರಡೂ ಕಡೆ ಉಳಿದು ನೋಡಿದ ಮೇಲೆ

ಪೂರ್ವ ಆಫ್ರಿಕಾದ ಪುಟ್ಟ ದೇಶ ಜಿಬೂಟಿಗೆ ಕೆಲಸದ ಮೇಲೆ ಬಂದವರು, ಇಥಿಯೋಪಿಯಾ ನೋಡಲು ಬಂದು ಇನ್ನೆರಡು ದಿನ ಕೈಯಲ್ಲಿ ಉಳಿದವರು ನನ್ನನ್ನು ಕೇಳುವುದು ಇದೊಂದೇ. ರಾಜಧಾನಿ ಬಿಟ್ಟು ಆಚೆ ಮರುಭೂಮಿಯ ಒಂದು ಸಣ್ಣ ಊರು ನೋಡಬೇಕು, ಎಲ್ಲಿಗೆ ಹೋಗಲಿ? ತಜೂರಾ ಕೊಲ್ಲಿಯ ಉತ್ತರ ದಡದಲ್ಲಿ ಅಂಥ ಎರಡು ಊರುಗಳಿವೆ, ತಜೂರಾ ಮತ್ತು ಓಬೊಕ್. ನಡುವೆ 60 ಚಿಲ್ಲರೆ ಕಿಲೋಮೀಟರ್ ದಾರಿ. ಎರಡೂ ಅಫಾರ್ ಜನರ ಊರು, ಎರಡಕ್ಕೂ ಮುಂದೆ ಸಮುದ್ರ, ಹಿಂದೆ ಕಲ್ಲು ಮತ್ತು ಬಿಸಿಲು.

ನಾನು ಬಂದರಿನ ಕೆಲಸಕ್ಕೆಂದು ಏಳು ತಿಂಗಳು ಜಿಬೂಟಿಯಲ್ಲಿದ್ದೆ. ಡಿಸೆಂಬರ್‌ನಲ್ಲಿ ತಜೂರಾಕ್ಕೆ, ಫೆಬ್ರವರಿಯಲ್ಲಿ ಓಬೊಕ್‌ಗೆ, ಮೇ ಕೊನೆಯಲ್ಲಿ ಇನ್ನೊಂದು ಸಲ ಎರಡಕ್ಕೂ ಹೋಗಿ ಉಳಿದೆ. ಮೊದಲೇ ಹೇಳಿಬಿಡುತ್ತೇನೆ. ಆರಾಮ ಬೇಕಾದರೆ ತಜೂರಾ. ಆದರೆ ನನ್ನ ಮನಸ್ಸು ಓಬೊಕ್ ಕಡೆಗೆ.

ಹೋಗುವುದು ಹೇಗೆ ಅಂತ ನೋಡೋಣ. ಎರಡಕ್ಕೂ ರಾಜಧಾನಿಯಿಂದ ಫೆರಿ ಇದೆ, ಆದರೆ ದಿನಾ ಇರುವುದಿಲ್ಲ. ಹಿಂದಿನ ದಿನವೇ ಬಂದರಿಗೆ ಹೋಗಿ ಕೇಳಿಕೊಂಡು ಬನ್ನಿ. ಓಬೊಕ್‌ಗೆ ನಮಗೆ ಸುಮಾರು ಮೂರು ಗಂಟೆ ಹಿಡಿಯಿತು. ಸಿಮೆಂಟ್ ಮೂಟೆ, ಮೇಕೆ, ಹಾಸಿಗೆ, ಅಕ್ಕಿ ಚೀಲಗಳ ನಡುವೆ ಜಾಗ ಮಾಡಿಕೊಂಡು ಕೂತಿದ್ದೆ. ಮಲ್ಪೆ ಕಡೆಯವನಾದ ನನಗೆ ಅದೇನೂ ಕಷ್ಟ ಅನಿಸಲಿಲ್ಲ. ಬಂದರಿನಲ್ಲಿ ನಿಂತಿದ್ದ ಮರದ ಹಡಗುಗಳನ್ನು ನೋಡಿದರೆ ನಮ್ಮ ಹಳೇ ಮಂಜಿಗಳೇ ನೆನಪಾಗುತ್ತವೆ.

ಆದರೆ ತಜೂರಾಕ್ಕೆ ಹೋಗುವುದಾದರೆ ಫೆರಿ ಬೇಡ, ರಸ್ತೆಯಲ್ಲೇ ಹೋಗಿ. ಕೊಲ್ಲಿಯನ್ನು ಪೂರ್ತಿ ಸುತ್ತಿಕೊಂಡು ಹೋಗುವ ದಾರಿ, ಸುಮಾರು 170 ಕಿ.ಮೀ. ಕೊಲ್ಲಿಯ ತುದಿಯಲ್ಲಿ ಗುಬೆ ಅನ್ನುವ ಕಪ್ಪು ನೀರಿನ ಜಾಗ ಸಿಗುತ್ತದೆ. ಹೆಸರು ಕೇಳಿದ ತಕ್ಷಣ ನಮಗೆ ಗೂಬೆ ನೆನಪಾಗುತ್ತದೆ, ಅಲ್ವಾ? ಇಲ್ಲಿನವರಿಗೂ ಅದು ದೆವ್ವಗಳ ಜಾಗವೇ. ಅದರ ಪಕ್ಕದಲ್ಲೇ ಅರ್ದುಕೋಬಾ. 1978ರ ನವೆಂಬರ್‌ನಲ್ಲಿ ನೆಲ ಬಿರಿದು ಲಾವಾ ಹರಿದ ಜಾಗ ಅದು, ಇವತ್ತಿಗೂ ಅಲ್ಲಿ ಒಂದು ಹುಲ್ಲುಕಡ್ಡಿ ಇಲ್ಲ. ಸ್ವಲ್ಪ ಒಳಗೆ ಹೋದರೆ ಅಸ್ಸಾಲ್ ಸರೋವರ. ಸಮುದ್ರ ಮಟ್ಟಕ್ಕಿಂತ 155 ಮೀಟರ್ ಕೆಳಗೆ, ಇಡೀ ಆಫ್ರಿಕಾದಲ್ಲೇ ಅತಿ ತಗ್ಗಿನ ಜಾಗ. ನೀರು ಸಮುದ್ರಕ್ಕಿಂತ ಹತ್ತು ಪಟ್ಟು ಉಪ್ಪು. ಕಾಲಿಟ್ಟರೆ ದಡ ಕರಕರ ಅನ್ನುತ್ತದೆ. ನಾನು ಚಪ್ಪಲಿ ಬಿಟ್ಟು ನೀರಿಗೆ ಇಳಿದೆ. ಹಿಮ್ಮಡಿಯಲ್ಲಿದ್ದ ಸಣ್ಣ ಬಿರುಕು ಸಂಜೆವರೆಗೂ ಉರಿಯಿತು. ಚಪ್ಪಲಿ ಬಿಡಬೇಡಿ.

ತಜೂರಾ ಬಿಳಿ ಊರು. ಏಳು ಮಸೀದಿಗಳ ಊರು ಅಂತಲೇ ಕರೆಯುತ್ತಾರೆ. ಸುಣ್ಣ ಬಳಿದ ಗೋಡೆಗಳು, ಮುಂದೆ ನೀಲಿ ನೀರು, ಹಿಂದೆ ಗೋಡಾ ಬೆಟ್ಟಗಳು. ಆ ಬೆಟ್ಟಗಳಿಂದಲೇ ಊರಿಗೆ ಒಂದು ಕಳೆ. ಮೇಲೆ ‘ದೇ’ ಅನ್ನುವ ಕಾಡು ಇದೆ, ಒಣಗುತ್ತಾ ಬಂದ ಹಳೇ ಜೂನಿಪರ್ ಮರಗಳು. ಈ ದೇಶದಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಒಂದು ಗೌಜಲ ಹಕ್ಕಿ ಆ ಬೆಟ್ಟಗಳಲ್ಲಿದೆ. ನನಗೆ ಅದು ಕಾಣಲಿಲ್ಲ. ಊರಿಗೆ ಇವತ್ತಿಗೂ ಸುಲ್ತಾನರಿದ್ದಾರೆ, ಅವರ ಪದವಿಯ ಹೆಸರು ದರ್ದರ್. ಒಂದು ಕಾಲದಲ್ಲಿ ಇಥಿಯೋಪಿಯಾದ ಒಳನಾಡಿಗೆ ಒಂಟೆ ಸಾಲುಗಳು ಇಲ್ಲಿಂದಲೇ ಹೊರಡುತ್ತಿದ್ದವು. ಉಪ್ಪು ಹೋಗುತ್ತಿತ್ತು, ಬಂದೂಕು ಹೋಗುತ್ತಿತ್ತು. ಅಲ್ಲಿಂದ ಹಿಡಿದು ತಂದ ಗುಲಾಮರನ್ನು ಇದೇ ದಡದಲ್ಲಿ ಹಡಗು ಹತ್ತಿಸುತ್ತಿದ್ದರು. ಅಷ್ಟು ಚೆಂದದ ದಡದಲ್ಲಿ ನಿಂತು ಇದನ್ನು ನೆನೆಯುವುದು ಕಷ್ಟ.

ಊಟದಲ್ಲಿ ತಜೂರಾ ಗೆಲ್ಲುತ್ತದೆ, ಎರಡು ಮಾತಿಲ್ಲ. ಯೆಮೆನ್ ರೀತಿಯ ಮೀನು ಸಿಗುತ್ತದೆ. ಇಡೀ ಮೀನನ್ನು ಬೆನ್ನಿನ ಕಡೆಯಿಂದ ಸೀಳಿ, ಪುಸ್ತಕದ ಹಾಗೆ ಬಿಡಿಸಿ, ಕೆಂಪು ಮಸಾಲೆ ಸವರಿ, ಮಣ್ಣಿನ ಒಲೆಯೊಳಗೆ ಇಳಿಸುತ್ತಾರೆ. ಅಂಚು ಕಪ್ಪಾಗಿರುತ್ತದೆ, ಮುಳ್ಳಿನ ಹತ್ತಿರ ಇನ್ನೂ ರಸ ಇರುತ್ತದೆ. ಅದೇ ಒಲೆಯ ಗೋಡೆಗೆ ಬಡಿದು ಬೇಯಿಸಿದ ಅಗಲ ರೊಟ್ಟಿ ಜೊತೆಗೆ. ತೆಂಗು ಇಲ್ಲ, ಹುಳಿ ಇಲ್ಲ, ನಮ್ಮ ಮೀನಿನ ಊಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಆದರೂ ನಾನು ಎರಡು ದಿನದಲ್ಲಿ ಮೂರು ಸಲ ತಿಂದೆ. ಬೆಳಿಗ್ಗೆ ಲಹೋಹ್ ಅಂತ ಒಂದು ತಿಂಡಿ. ಹಿಟ್ಟು ಹುದುಗಿಸಿ, ಒಂದೇ ಬದಿ ಬೇಯಿಸಿದ್ದು, ಮೇಲೆಲ್ಲ ತೂತು. ಕಣ್ಣು ಮುಚ್ಚಿಕೊಂಡು ತಿಂದರೆ ಸೆಟ್ ದೋಸೆ. ಸಸ್ಯಾಹಾರಿಗಳಿಗೆ ಎರಡೂ ಊರಲ್ಲಿ ರೊಟ್ಟಿ, ಹುರುಳಿ ಜಾತಿಯ ಕಾಳು, ಅನ್ನ, ಬಾಳೆಹಣ್ಣು, ಅಷ್ಟೇ. ಚಟ್ನಿಪುಡಿ ಕಟ್ಟಿಕೊಂಡು ಹೋಗಿ.

ಓಬೊಕ್‌ನಲ್ಲಿ ನಾನಿದ್ದ ಕಡೆ ರಾತ್ರಿ ಕರೆಂಟ್ ಹೋಯಿತು, ನೀರು ಬಕೆಟ್‌ನಲ್ಲಿ ಬಂತು, ಊಟಕ್ಕೆ ಅನ್ನ ಮತ್ತು ಬೇಯಿಸಿದ ಮೀನು. ದುಡ್ಡು ಮಾತ್ರ ತಜೂರಾದಷ್ಟೇ. ನಗದು ತೆಗೆದುಕೊಂಡೇ ಹೋಗಿ. ಒಂದು ಡಾಲರ್‌ಗೆ 177 ಜಿಬೂಟಿ ಫ್ರಾಂಕ್ ಚಿಲ್ಲರೆ, ಈ ದರ 1970ರ ದಶಕದಿಂದ ಬದಲಾಗಿಲ್ಲ, ಹಾಗಾಗಿ ಲೆಕ್ಕ ಸುಲಭ. ಎರಡೂ ಕಡೆ ಏನೇ ಕೆಲಸ ಇದ್ದರೂ ಮಧ್ಯಾಹ್ನದೊಳಗೆ ಮುಗಿಸಿಕೊಳ್ಳಿ. ಇಥಿಯೋಪಿಯಾದಿಂದ ದಿನಾ ಬರುವ, ಖಾತ್ ಅನ್ನುವ ಅಗಿಯುವ ಎಲೆ ಕೈಗೆ ಬಂದ ಮೇಲೆ ಗಂಡಸರು ಕೆನ್ನೆಯೊಳಗೆ ಉಂಡೆ ಇಟ್ಟುಕೊಂಡು ನೆರಳಲ್ಲಿ ಕೂರುತ್ತಾರೆ. ನಮ್ಮಲ್ಲಿ ಊಟದ ಮೇಲೆ ಎಲೆಅಡಿಕೆ ಹಾಕಿಕೊಂಡು ಜಗಲಿಯಲ್ಲಿ ಕೂತ ಹಾಗೆ, ಆದರೆ ಸಂಜೆವರೆಗೂ.

ಹಾಗಾದರೆ ಓಬೊಕ್ ಯಾಕೆ?

ಅಲ್ಲಿ ಬೆಟ್ಟ ಇಲ್ಲ. ಊರು, ಸಮುದ್ರ, ಬಯಲು, ಅಷ್ಟೇ. 1862ರಲ್ಲಿ ಫ್ರೆಂಚರು ಈ ಜಾಗವನ್ನು ಅಫಾರ್ ಸುಲ್ತಾನರಿಂದ 10,000 ಥಾಲರ್ ಬೆಳ್ಳಿ ನಾಣ್ಯಗಳಿಗೆ ಕೊಂಡುಕೊಂಡರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಅವರ ಹಡಗುಗಳಿಗೆ ದಾರಿಯಲ್ಲಿ ಕಲ್ಲಿದ್ದಲು ಬೇಕಾಯಿತು. ಆಮೇಲೆ ಎದುರು ದಡದಲ್ಲಿ ಈಗಿನ ರಾಜಧಾನಿ ಜಿಬೂಟಿ ನಗರ ಬೆಳೆಯಿತು, ಆಡಳಿತ ಅಲ್ಲಿಗೆ ಹೋಯಿತು, ಓಬೊಕ್ ಹಾಗೇ ಉಳಿಯಿತು. ಸಮುದ್ರದ ಪಕ್ಕದಲ್ಲಿ ಆ ಕಾಲದ ಒಂದು ಸ್ಮಶಾನ ಇದೆ. ವಿಯೆಟ್ನಾಂ ಕಡೆಯ ಯುದ್ಧಕ್ಕೆ ಹೋಗಿ ಬರುವಾಗ ಜ್ವರ ಬಂದು ಸತ್ತ ಫ್ರೆಂಚ್ ಸೈನಿಕರ ಸಮಾಧಿಗಳು. ಸಂಜೆ ಅಲ್ಲಿ ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ.

ಇದು ಹಳೇ ಕಥೆ. ಈಗಿನ ಕಥೆ ರಸ್ತೆಯಲ್ಲೇ ಕಾಣುತ್ತದೆ. ಮೇ ತಿಂಗಳಲ್ಲಿ ತಜೂರಾದಿಂದ ಓಬೊಕ್‌ಗೆ ಗಾಡಿಯಲ್ಲಿ ಹೋದಾಗ ದಾರಿಯುದ್ದಕ್ಕೂ ಹುಡುಗರು ನಡೆದು ಹೋಗುತ್ತಿದ್ದರು. ಇಥಿಯೋಪಿಯಾದವರು. ಹದಿನಾರು, ಹದಿನೇಳು ವರ್ಷ ಇರಬಹುದು. ಕೈಯಲ್ಲಿ ಒಂದು ಎಣ್ಣೆ ಕ್ಯಾನಿನಲ್ಲಿ ನೀರು, ಬೇರೇನೂ ಇಲ್ಲ. ಓಬೊಕ್ ಹತ್ತಿರದ ದಡದಿಂದ ರಾತ್ರಿ ದೋಣಿ ಹತ್ತಿ, ಯೆಮೆನ್ ದಾಟಿ, ಸೌದಿಗೆ ಕೆಲಸಕ್ಕೆ ಹೋಗುವವರು. ಹತ್ತಿರದ ಬಾಬ್ ಎಲ್ ಮಂದೆಬ್ ಜಲಸಂಧಿ ಸುಮಾರು 30 ಕಿ.ಮೀ. ಅಗಲ, ಆ ಹೆಸರಿನ ಅರ್ಥವೇ ಕಣ್ಣೀರಿನ ಬಾಗಿಲು. 2024ರ ಅಕ್ಟೋಬರ್‌ನಲ್ಲಿ ಯೆಮೆನ್‌ನಿಂದ ವಾಪಸ್ ಬರುತ್ತಿದ್ದವರು 40ಕ್ಕೂ ಹೆಚ್ಚು ಜನ ಓಬೊಕ್ ಕಡಲಲ್ಲೇ ಮುಳುಗಿ ಸತ್ತರು.

ಅದೇ ಊರಿನ ಹೊರಗೆ ಮರ್ಕಾಜಿ ಶಿಬಿರ ಇದೆ. 2015ರಲ್ಲಿ ಯೆಮೆನ್‌ನಲ್ಲಿ ಯುದ್ಧ ಶುರುವಾದಾಗ ಓಡಿ ಬಂದವರು ಅಲ್ಲಿದ್ದಾರೆ. ಆ ವರ್ಷ ಏಪ್ರಿಲ್‌ನಲ್ಲಿ ನಮ್ಮ ನೌಕಾಪಡೆ ಏಡನ್‌ನಿಂದ ಭಾರತೀಯರನ್ನು ಹಡಗಿನಲ್ಲಿ ಇದೇ ಜಿಬೂಟಿಗೆ ಕರೆತಂದು, ಇಲ್ಲಿಂದ ವಿಮಾನದಲ್ಲಿ ಊರಿಗೆ ಕಳಿಸಿತ್ತು. ನಮ್ಮವರಿಗೆ ಹೋಗಲು ಊರಿತ್ತು. ಇವರು ಇಲ್ಲೇ ಉಳಿದರು. ಒಂದು ಕಡೆಯಿಂದ ಯುದ್ಧಕ್ಕೆ ಹೆದರಿ ಬಂದವರು, ಇನ್ನೊಂದು ಕಡೆಯಿಂದ ಅದೇ ಯುದ್ಧದ ನಾಡನ್ನು ದಾಟಲು ಹೊರಟವರು, ಇಬ್ಬರೂ ಸಿಗುವುದು ಈ ಒಂದು ಸಣ್ಣ ಊರಲ್ಲಿ. ನಾನು ಚಹಾ ಕುಡಿಯುತ್ತಿದ್ದ ಅಂಗಡಿಯವರು ಯೆಮೆನ್‌ನಿಂದ ಬಂದವರು. ಏಲಕ್ಕಿ, ಶುಂಠಿ ಹಾಕಿದ ಚಹಾ, ನಮ್ಮನೆಯದೇ ರುಚಿ. "ಹಿಂದಿ?" ಅಂದರು. ಇಲ್ಲಿ ಹಿಂದಿ ಅಂದರೆ ಭಾಷೆ ಅಲ್ಲ, ಭಾರತದವನು ಅಂತ. ಹೌದು ಅಂದೆ. ಬಾಗಿಲ ಹೊರಗೆ ನಿಂತಿದ್ದ ಇಬ್ಬರು ಹುಡುಗರಿಗೂ ಎರಡು ಲೋಟ ಕೊಟ್ಟರು, ದುಡ್ಡು ಕೇಳಲಿಲ್ಲ.

ತಜೂರಾದಲ್ಲಿ ನಾನು ಚೆನ್ನಾಗಿ ತಿಂದೆ, ಚೆನ್ನಾಗಿ ಮಲಗಿದೆ. ನೆನಪಲ್ಲಿ ಉಳಿದಿದ್ದು ಆ ಎರಡು ಲೋಟ.

ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಸುಮ್ನೆ ತಜೂರಾಕ್ಕೆ ಹೋಗಿ, ಅಸ್ಸಾಲ್ ನೋಡಿಕೊಂಡು, ಮೀನು ತಿಂದು ಬನ್ನಿ. ಎರಡು ರಾತ್ರಿ ಇದ್ದರೆ ಒಂದೊಂದು ಕಡೆ ಒಂದೊಂದು. ಹೋಗುವುದು ನವೆಂಬರ್‌ನಿಂದ ಫೆಬ್ರವರಿ ಒಳಗೆ ಇರಲಿ. ಮೇ ಕೊನೆಯಲ್ಲೇ ನನಗೆ ಬೆಳಿಗ್ಗೆ ಒಂಬತ್ತರ ಮೇಲೆ ಹೊರಗೆ ನಿಲ್ಲಲು ಆಗಲಿಲ್ಲ, ಅದಾದ ಮೇಲೆ ಖಮ್ಸೀನ್ ಬಿಸಿಗಾಳಿ ಶುರುವಾಗುತ್ತದೆ. ಓಬೊಕ್‌ನಲ್ಲಿ ಶಿಬಿರದ ಕಡೆ, ನಡೆದು ಹೋಗುವವರ ಕಡೆ ಕ್ಯಾಮೆರಾ ತಿರುಗಿಸಬೇಡಿ. ಗಾಡಿಯಲ್ಲಿ ಹೋಗುವುದಾದರೆ ನಿಮ್ಮ ಲೆಕ್ಕಕ್ಕಿಂತ ಎರಡು ಕೇಸ್ ನೀರು ಜಾಸ್ತಿ ಹಾಕಿಸಿ. ದಾರಿಯಲ್ಲಿ ಕೊಡಲು ಬೇಕಾಗುತ್ತದೆ.