ಸಿಮೇಕ್ ಮಿನಿಮಮ್ ವರ್ಷನ್ ನಂಬರನ್ನು ಸುಮ್ನೆ ಬಿಟ್ಟು ಕೂರಬೇಡಿ, ಸುಮ್ನೆ ಬದಲಾಯಿಸಲೂ ಬೇಡಿ

ಸಿ ಭಾಷೆಯಲ್ಲಿ ಲೈಬ್ರರಿ ಬರೆದು ಅದನ್ನು ಸಿಮೇಕ್ ಎಂಬ ಟೂಲ್‌ನಲ್ಲಿ ಬಿಲ್ಡ್ ಮಾಡುವವರು, ಅಂದರೆ ಸೋರ್ಸ್ ಕೋಡನ್ನು ಬಳಸಲು ಸಿದ್ಧವಾದ ಲೈಬ್ರರಿ ಮಾಡುವವರು, ದಯವಿಟ್ಟು ಇದನ್ನು ಓದಿ. ನಮ್ಮ ತಂಡಕ್ಕೆ ಆದದ್ದು ನಿಮಗೆ ಆಗದಿರಲಿ ಅಂತ ಬರೆಯುತ್ತಿದ್ದೇನೆ. ಇರುವುದು ಒಂದೇ ಸಾಲು, ಅದರಲ್ಲಿ ಒಂದು ನಂಬರು. ಅದು ನಮ್ಮ ಎರಡು ವಾರ ತಿಂದಿತು. ಅದಕ್ಕಿಂತ ಹೆಚ್ಚಾಗಿ, ನಮ್ಮನ್ನು ನಂಬಿ ರಾತ್ರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದ ಒಬ್ಬ ಹುಡುಗ ಗಿರಾಕಿಯ ಮುಂದೆ ಉತ್ತರ ಇಲ್ಲದೆ ನಿಲ್ಲುವ ಹಾಗೆ ಮಾಡಿತು.

ನಮ್ಮದು ಸೀರಿಯಲ್ ಪೋರ್ಟ್ ಮೂಲಕ ಮೀಟರುಗಳ ಜೊತೆ ಮಾತಾಡುವ ಸಣ್ಣ ಲೈಬ್ರರಿ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಬೇರೆ ಪ್ರೋಗ್ರಾಮುಗಳು ಅದನ್ನು ಲೋಡ್ ಮಾಡಿಕೊಂಡು ಕೆಲಸ ಮಾಡುತ್ತವೆ. ಶುರು ಮಾಡಿದ್ದು 2014ರಲ್ಲಿ. ಆಗ ನಮ್ಮ ಹತ್ತಿರ ಇದ್ದದ್ದು ಸಿಮೇಕ್ 2.8.12. ಹಾಗಾಗಿ ಫೈಲಿನ ಮೊದಲ ಸಾಲಿನಲ್ಲಿ, ಕನಿಷ್ಠ ಯಾವ ಸಿಮೇಕ್ ಬೇಕು ಎಂದು ಹೇಳುವ ಜಾಗದಲ್ಲಿ, 2.8.12 ಎಂದು ಬರೆದೆವು. ಅವತ್ತಿಗೆ ಅದು ನಿಜವೇ ಆಗಿತ್ತು. ಆಮೇಲೆ ಹತ್ತು ವರ್ಷ ಯಾರೂ ಆ ಸಾಲನ್ನು ಮುಟ್ಟಲಿಲ್ಲ.

ಮುಟ್ಟದೆ ಇದ್ದದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ತಪ್ಪು ಆದದ್ದು ನಡುವೆ ಒಂದು ದಿನ. ಫೈಲುಗಳ ದಾರಿ ಜೋಡಿಸುವ ಕೆಲಸ ಸುಲಭ ಆಗುತ್ತದೆ ಎಂದು ಒಂದು ಕಡೆ ಸಿಮೇಕ್ ಪಾತ್ ಎಂಬ ಕಮಾಂಡ್ ಬಳಸಿದೆ. ಅದು ಬಂದದ್ದು 3.20ರಲ್ಲಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ಹೊಸ ಸಿಮೇಕ್ ಇತ್ತು, ನಡೆಯಿತು. ಆದರೆ ಬಿಲ್ಡ್ ಕಂಟೇನರ್, ಅಂದರೆ ರಿಲೀಸಿನ ಬಿಲ್ಡ್ ನಡೆಯುವ ಪ್ರತ್ಯೇಕ ಪರಿಸರ, ಉಬುಂಟು 20.04, ಅದರಲ್ಲಿ 3.16.3, ಅಲ್ಲಿ ನಿಂತುಹೋಯಿತು. ಆಗ ನಾನು ಏನು ಮಾಡಬೇಕಿತ್ತು? ಮೊದಲ ಸಾಲಿನ ನಂಬರನ್ನು 3.20 ಮಾಡಬೇಕಿತ್ತು, ಇಲ್ಲವೇ ಆ ಕಮಾಂಡನ್ನು ತೆಗೆಯಬೇಕಿತ್ತು. ಎರಡೂ ಮಾಡಲಿಲ್ಲ. ಕಂಟೇನರ್‌ನಲ್ಲಿ ಪಿಪ್ ಎಂಬ ಇನ್‌ಸ್ಟಾಲ್ ಟೂಲ್ ಮೂಲಕ ಇತ್ತೀಚಿನ ಸಿಮೇಕ್ ಹಾಕುವ ಒಂದು ಸಾಲು ಸೇರಿಸಿದೆ. ಯಾವ ವರ್ಷನ್ ಎಂದು ಕೂಡ ಬರೆಯಲಿಲ್ಲ. ಬಿಲ್ಡ್ ಹಸಿರಾಯಿತು, ಅಂದರೆ ಪಾಸಾಯಿತು, ಮನೆಗೆ ಹೋದೆ. ಅವತ್ತಿನಿಂದ ಆ ಮೊದಲ ಸಾಲು ಸುಳ್ಳು ಹೇಳತೊಡಗಿತು.

2025ರ ಮಾರ್ಚ್ ಕೊನೆಯಲ್ಲಿ ಸಿಮೇಕ್ 4.0 ಬಂತು. ಆ ವರ್ಷ ಯುಗಾದಿ ಭಾನುವಾರ, ಸೋಮವಾರ ಹೊಸತೊಡಕು, ಅವತ್ತೇ ರಂಜಾನ್ ರಜೆ ಕೂಡ. ಮಂಗಳವಾರ ಆಫೀಸಿಗೆ ಬಂದರೆ ಎಲ್ಲ ಬಿಲ್ಡೂ ಕೆಂಪು. ಕೋಡ್ ಯಾರೂ ಮುಟ್ಟಿಲ್ಲ. 3.5ಕ್ಕಿಂತ ಹಳೆಯ ಸಿಮೇಕ್ ಜೊತೆಗಿನ ಹೊಂದಾಣಿಕೆಯನ್ನು ತೆಗೆದುಹಾಕಿದ್ದೇವೆ, ನಿಮ್ಮ ಕನಿಷ್ಠ ವರ್ಷನ್ ಬದಲಿಸಿ, ಇಲ್ಲವೇ ಪಾಲಿಸಿ ವರ್ಷನ್ ಮಿನಿಮಮ್ 3.5 ಎಂದು ಕಮಾಂಡ್ ಲೈನಿನಲ್ಲಿ ಕೊಟ್ಟು ನೋಡಿ ಎನ್ನುವ ಸಂದೇಶ ಬಂದಿತ್ತು. ಸಿಮೇಕ್‌ನವರು ಇದನ್ನು ದಿಢೀರ್ ಅಂತ ಮಾಡಿದ್ದಲ್ಲ. 3.27ರಿಂದಲೇ ಎಚ್ಚರಿಕೆ ಕೊಡುತ್ತಿದ್ದರು. ನಮ್ಮ ಲಾಗಿನಲ್ಲೂ ಅದು ಬರುತ್ತಿತ್ತು. ಬಿಲ್ಡ್ ಹಸಿರಾಗಿದ್ದರೆ ಲಾಗ್ ಯಾರು ಓದುತ್ತಾರೆ ಅಲ್ವಾ.

ಅವತ್ತು ರಿಲೀಸ್ ಕೊಡಲೇಬೇಕಿತ್ತು. ತಂಡದ ಒಬ್ಬರು 2.8.12 ಅಳಿಸಿ 3.5 ಎಂದು ಬರೆದರು. ನಾನು ನೋಡಿ ಸರಿ ಎಂದೆ. ರೀಡ್‌ಮಿ ಫೈಲಿನಲ್ಲೂ ಸಿಮೇಕ್ 3.5 ಸಾಕು ಎಂದು ತಿದ್ದಿದೆವು. ಬಿಲ್ಡ್ ಆಯಿತು, ಟೆಸ್ಟ್ ಎಲ್ಲ ಪಾಸ್, ರಿಲೀಸ್ ಹೋಯಿತು. ಐದು ನಿಮಿಷದ ಕೆಲಸ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿದೆ, ಯಾಕೆಂದರೆ ಇದು ಬಹಳ ಜನರಿಗೆ ಗೊತ್ತಿಲ್ಲ. ಆ ನಂಬರು ಬರೀ ಬಾಗಿಲು ಕಾಯುವ ನಂಬರಲ್ಲ. ಸಿಮೇಕ್ ಹೇಗೆ ನಡೆದುಕೊಳ್ಳಬೇಕು ಎನ್ನುವುದನ್ನೂ ಅದೇ ತೀರ್ಮಾನಿಸುತ್ತದೆ. ಸಿಮೇಕ್ ತನ್ನ ನಡವಳಿಕೆ ಬದಲಿಸಿದಾಗಲೆಲ್ಲ ಅದಕ್ಕೊಂದು ಪಾಲಿಸಿ ನಂಬರು ಕೊಡುತ್ತದೆ. ನೀವು 2.8 ಎಂದು ಬರೆದಿದ್ದರೆ ಆಮೇಲೆ ಬಂದ ಪಾಲಿಸಿಗಳಿಗೆಲ್ಲ ಹಳೆಯ ನಡವಳಿಕೆ, 3.5 ಎಂದು ಬರೆದರೆ ಅಲ್ಲಿಯವರೆಗಿನ ಎಲ್ಲಕ್ಕೂ ಹೊಸ ನಡವಳಿಕೆ. ನಮಗೆ ಹೊಡೆದದ್ದು ಸಿಎಂಪಿ0063 ಎಂಬ ಪಾಲಿಸಿ, ಅದು 3.3ರಲ್ಲಿ ಬಂದದ್ದು. ನಮ್ಮ ಲೈಬ್ರರಿಯಲ್ಲಿ ಒಳಗಿನ ಫಂಕ್ಷನ್ನುಗಳು ಹೊರಗೆ ಕಾಣಬಾರದು ಎಂದು ವಿಸಿಬಿಲಿಟಿಯನ್ನು ಹಿಡನ್ ಮಾಡಿದ್ದೆವು, ಹೊರಗೆ ಕಾಣಬೇಕಾದವಕ್ಕೆ ಎಕ್ಸ್‌ಪೋರ್ಟ್ ಮ್ಯಾಕ್ರೋ ಎಂಬ ಗುರುತು ಹಾಕಿದ್ದೆವು. ಆದರೆ ಒಂದಿಷ್ಟು ಫೈಲುಗಳು ಆಬ್ಜೆಕ್ಟ್ ಲೈಬ್ರರಿಯಾಗಿ ಬೇರೆ ಕಂಪೈಲ್ ಆಗಿ ಆಮೇಲೆ ಒಳಗೆ ಸೇರುತ್ತಿದ್ದವು. ಹಳೆಯ ನಡವಳಿಕೆಯಲ್ಲಿ ಸಿಮೇಕ್ ಆಬ್ಜೆಕ್ಟ್ ಲೈಬ್ರರಿಗೆ ಹಿಡನ್ ಅನ್ವಯಿಸುತ್ತಲೇ ಇರಲಿಲ್ಲ. ಆ ಫೈಲುಗಳಲ್ಲಿ ಕೆಲವು ಫಂಕ್ಷನ್ನುಗಳಿಗೆ ನಾವು ಮ್ಯಾಕ್ರೋ ಹಾಕುವುದನ್ನು ಮರೆತಿದ್ದೆವು, ಆದರೂ ಹತ್ತು ವರ್ಷ ಅವು ಹೊರಗೆ ಕಾಣುತ್ತಿದ್ದವು, ಜನ ಬಳಸುತ್ತಲೂ ಇದ್ದರು. ನಂಬರು 3.5 ಆದ ತಕ್ಷಣ ಅವೆಲ್ಲ ಮರೆಯಾದವು. ಕೋಡಿನಲ್ಲಿ ಒಂದಕ್ಷರ ಬದಲಾಗಿಲ್ಲ.

ಟೆಸ್ಟುಗಳು ಯಾಕೆ ಹಿಡಿಯಲಿಲ್ಲ? ನಮ್ಮ ಟೆಸ್ಟುಗಳು ಸ್ಟ್ಯಾಟಿಕ್ ಲೈಬ್ರರಿಗೆ, ಅಂದರೆ ಬಿಲ್ಡ್ ಹೊತ್ತಿಗೇ ಪ್ರೋಗ್ರಾಮಿನ ಒಳಗೆ ಸೇರಿಹೋಗುವ ಲೈಬ್ರರಿಗೆ, ಲಿಂಕ್ ಆಗುತ್ತವೆ. ಸಿಂಬಲ್ (ಫಂಕ್ಷನ್ನಿನ ಹೆಸರು) ಹಿಡನ್ ಆದರೂ ಒಂದೇ ಪ್ರೋಗ್ರಾಮಿನ ಒಳಗೆ ಲಿಂಕ್ ಆಗಲು ಅಡ್ಡಿಯಿಲ್ಲ. ಗಿರಾಕಿಗಳ ಪ್ರೋಗ್ರಾಮ್ ಲೋಡ್ ಮಾಡುವುದು ಶೇರ್ಡ್ ಲೈಬ್ರರಿಯನ್ನು, ಅಂದರೆ ಓಡುವ ಹೊತ್ತಿಗೆ ಹೊರಗಿನಿಂದ ಬಂದು ಸೇರುವುದನ್ನು. ಅದನ್ನು ನಾವು ಟೆಸ್ಟ್ ಮಾಡುತ್ತಲೇ ಇರಲಿಲ್ಲ.

ಹುಬ್ಬಳ್ಳಿಗೆ ಹೋದ ಹುಡುಗ ಲೈಬ್ರರಿ ಹಾಕಿ ಪ್ರೋಗ್ರಾಮ್ ಶುರು ಮಾಡಿದರೆ ಅನ್‌ಡಿಫೈನ್ಡ್ ಸಿಂಬಲ್ ಎಂದು ಬಂದು ಸತ್ತುಹೋಯಿತು. ಆ ಮಷಿನ್‌ಗೆ ಇಂಟರ್ನೆಟ್ ಇಲ್ಲ. ಅವನು ಜಾಣ, ಪೆನ್ ಡ್ರೈವಿನಲ್ಲಿ ಸೋರ್ಸ್ ಕೂಡ ತಂದಿದ್ದ. ಅಲ್ಲೇ ಬಿಲ್ಡ್ ಮಾಡೋಣ, ರೀಡ್‌ಮಿಯಲ್ಲಿ 3.5 ಸಾಕು ಎಂದಿದೆ, ಇಲ್ಲಿ 3.16 ಇದೆ ಎಂದುಕೊಂಡು ಶುರು ಮಾಡಿದ. ಸಿಮೇಕ್ ಪಾತ್ ಎಂಬ ಕಮಾಂಡ್ ಗೊತ್ತಿಲ್ಲ ಎಂದು ಅದೂ ನಿಂತಿತು. ನನಗೆ ಫೋನ್ ಬಂತು. "ಸರ್, 3.5 ಸಾಕು ಅಂತ ನೀವೇ ಬರೆದಿದ್ದೀರಲ್ಲ ಸರ್, ಇಲ್ಲಿ ಎಲ್ಲರೂ ಕಾಯ್ತಾ ಇದ್ದಾರೆ, ಏನು ಹೇಳಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಹಳೆಯ ರಿಲೀಸ್ ಮತ್ತೆ ಹಾಕಿ ವಾಪಸ್ ಬಾ ಎಂದೆ. ಅವನು ಮತ್ತೆ ರಾತ್ರಿ ಬಸ್ಸು ಹಿಡಿದ.

ಸಿಂಬಲ್ ಯಾಕೆ ಮಾಯವಾಯಿತು ಎಂದು ಹುಡುಕಲು ಮೂರು ದಿನ ಬೇಕಾಯಿತು. ಮೊದಲು ಕಂಪೈಲರ್ ಮೇಲೆ ಅನುಮಾನ, ಆಮೇಲೆ ಲಿಂಕರ್ ಮೇಲೆ. ಕೊನೆಗೆ ಎರಡು ರಿಲೀಸಿನ ಶೇರ್ಡ್ ಲೈಬ್ರರಿಗಳ ಸಿಂಬಲ್ ಪಟ್ಟಿಯನ್ನು ಎನ್‌ಎಂ ಕಮಾಂಡಿನಲ್ಲಿ ತೆಗೆದು ಪಕ್ಕಪಕ್ಕ ಇಟ್ಟಾಗ ಗೊತ್ತಾಯಿತು. ಹಳೆಯ ಲಾಗ್ ತೆರೆದು ನೋಡಿದರೆ ಸಿಎಂಪಿ0063 ಬಗ್ಗೆ ಎಚ್ಚರಿಕೆಯೂ ಅಲ್ಲೇ ಇತ್ತು. ಅದನ್ನು ನೋಡಿ ನಿಜಕ್ಕೂ ಬೇಜಾರಾಯಿತು.

ಕಮಾಂಡ್ ಲೈನಿನಲ್ಲಿ ಪಾಲಿಸಿ ವರ್ಷನ್ ಮಿನಿಮಮ್ ಕೊಟ್ಟು ದಾಟಿಕೊಳ್ಳುವವರೂ ಹುಷಾರು. ಅದು ಕೂಡ ಅದೇ ಪಾಲಿಸಿಗಳನ್ನು ಹೊಸದಕ್ಕೆ ತಿರುಗಿಸುತ್ತದೆ. ಫೈಲಿನಲ್ಲಿ ಬದಲಿಸಿಲ್ಲ, ಹಾಗಾಗಿ ಏನೂ ಬದಲಾಗಿಲ್ಲ ಅಂದುಕೊಳ್ಳಬೇಡಿ.

ಆ ವಾರ ನಾನು ಬೇರೆಯವರು ಹೇಗೆ ಮಾಡುತ್ತಾರೆ ಎಂದು ನೋಡಿದೆ. ಲಿನಕ್ಸ್‌ನಲ್ಲಿ ಬಳಸುವ ಮೂಲ ಸಿ ಲೈಬ್ರರಿಯಾದ ಗ್ಲಿಬ್‌ಸಿಯ ಇನ್‌ಸ್ಟಾಲ್ ಫೈಲ್ ಓದಿ ಖುಷಿಯಾಯಿತು. ಅಲ್ಲಿ ಮೇಕ್ ಎಂಬ ಬೇರೊಂದು ಬಿಲ್ಡ್ ಟೂಲ್ ಕನಿಷ್ಠ 4.0 ಇರಬೇಕು ಎಂದು ಬರೆದು, ಪಕ್ಕದಲ್ಲೇ ಈ ರಿಲೀಸಿನ ಹೊತ್ತಿಗೆ ಪರೀಕ್ಷಿಸಿ ನೋಡಿದ ಅತಿ ಹೊಸ ಮೇಕ್ ಯಾವುದು ಎಂದೂ ಬರೆಯುತ್ತಾರೆ. ಬೈಸನ್, ಪೈಥಾನ್, ಜಿಸಿಸಿ ಮುಂತಾದ ಟೂಲುಗಳಿಗೆಲ್ಲ ಹೀಗೆ ಲೆಕ್ಕ ಇಟ್ಟಿದ್ದಾರೆ. ಬಿಲ್ಡ್‌ಗೆ ಮುಂಚೆ ಓಡಿಸುವ ಅದರ ಕಾನ್ಫಿಗರ್ ಸ್ಕ್ರಿಪ್ಟ್ ಕೂಡ ಶುರುವಿನಲ್ಲೇ ಟೂಲುಗಳನ್ನು ನೋಡಿ, ಯಾವುದು ಹಳೆಯದು ಎಂದು ಹೆಸರು ಹೇಳಿ ನಿಲ್ಲುತ್ತದೆ. ಇಷ್ಟು ಶಿಸ್ತಿನವರಿಗೂ ಪೆಟ್ಟು ಬಿದ್ದಿದೆ. 2013ರಲ್ಲಿ ಮೇಕ್ 4.0 ಬಂದಾಗ, ಆಗಿನ ಗ್ಲಿಬ್‌ಸಿಯ ಪರೀಕ್ಷೆ 3.79, 3.8, 3.9 ಎಂದು ಶುರುವಾಗುವ ನಂಬರುಗಳನ್ನು ಮಾತ್ರ ಒಪ್ಪುತ್ತಿತ್ತು. ಆಗಷ್ಟೇ ಬಂದ 4.0 ತೀರಾ ಹಳೆಯದು ಎಂದು ಅದು ಹಟ ಹಿಡಿಯಿತು. ಕೆಳಗಿನ ನಂಬರು ಎಷ್ಟು ಮುಖ್ಯವೋ ಮೇಲಿನದೂ ಅಷ್ಟೇ ಮುಖ್ಯ ಎಂದು ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ.

ಈಗ ನಾವು ಹೀಗೆ ಮಾಡಿದ್ದೇವೆ. ನಮ್ಮ ಗಿರಾಕಿಗಳಲ್ಲಿ ಉಬುಂಟು 20.04 ಇನ್ನೂ ಜಾಸ್ತಿ ಇರುವುದರಿಂದ ಸಿಮೇಕ್ ಪಾತ್ ಕಮಾಂಡನ್ನು ತೆಗೆದು ಹಳೆಯ ರೀತಿಯಲ್ಲೇ ಬರೆದು, ಕನಿಷ್ಠವನ್ನು 3.16 ಎಂದು ಇಟ್ಟೆವು. ಅದರ ಮುಂದೆ ಮೂರು ಚುಕ್ಕೆ ಹಾಕಿ 4.0 ಎಂದು ಬರೆದೆವು. ಹೀಗೆ ಬರೆದರೆ 3.16 ಇದ್ದವರಿಗೂ ನಡೆಯುತ್ತದೆ, ಹೊಸದು ಇದ್ದವರಿಗೆ 4.0ವರೆಗಿನ ಹೊಸ ನಡವಳಿಕೆ ಸಿಗುತ್ತದೆ. ಆದ್ದರಿಂದ ಆ ಮೇಲಿನ ನಂಬರನ್ನು ಬಿಲ್ಡ್ ಮಾಡಿ ನೋಡದೆ ಹಾಕಬೇಡಿ. ಮರೆತ ಮ್ಯಾಕ್ರೋಗಳನ್ನೆಲ್ಲ ಹಾಕಿದೆವು. ಬಿಲ್ಡ್ ಈಗ ಎರಡು ಕಡೆ ನಡೆಯುತ್ತದೆ, ಒಂದರಲ್ಲಿ ಸರಿಯಾಗಿ 3.16.3, ಇನ್ನೊಂದರಲ್ಲಿ ಅವತ್ತಿಗೆ ಸಿಗುವ ಅತಿ ಹೊಸದು. ಎರಡನೆಯದು ಪ್ರತಿ ಸೋಮವಾರ ಕಮಿಟ್ (ಕೋಡ್ ಬದಲಾವಣೆ) ಇರಲಿ ಬಿಡಲಿ ಓಡುತ್ತದೆ, ಅದು ಕೆಂಪಾದರೆ ರಿಲೀಸ್ ನಿಲ್ಲುವುದಿಲ್ಲ, ಆದರೆ ಯಾರಾದರೂ ಒಬ್ಬರು ಅವತ್ತೇ ನೋಡಲೇಬೇಕು. ರಿಲೀಸಿಗೆ ಮುಂಚೆ ಸಿಂಬಲ್ ಪಟ್ಟಿಯನ್ನು ಹಿಂದಿನದರ ಜೊತೆ ಹೋಲಿಸುತ್ತೇವೆ, ಒಂದು ಹೆಸರು ಕಡಿಮೆಯಾದರೂ ಬಿಲ್ಡ್ ನಿಲ್ಲುತ್ತದೆ. ರೀಡ್‌ಮಿಯಲ್ಲಿ ಈಗ ಎರಡು ನಂಬರು ಇವೆ, ಕನಿಷ್ಠ ಎಷ್ಟು, ಎಲ್ಲಿಯವರೆಗೆ ನೋಡಿದ್ದೇವೆ.

ಆ ಹುಡುಗನಿಗೆ ಫೋನ್ ಮಾಡಿ ತಪ್ಪು ನಮ್ಮದು ಎಂದು ಹೇಳಿದೆ, ಅವನ ಮೇಲಿನವರಿಗೂ ಬರೆದು ತಿಳಿಸಿದೆ. ಹೊಸ ರಿಲೀಸ್ ಹಾಕಲು ಹುಬ್ಬಳ್ಳಿಗೆ ಈ ಸಲ ನಾನೇ ಹೋಗಿ ಬಂದೆ. ನಮ್ಮಲ್ಲಿ ಇನ್ನೂ ಎರಡು ಹಳೆಯ ಲೈಬ್ರರಿಗಳು 2.8 ಎಂದೇ ಹೇಳುತ್ತಿವೆ. ಅವುಗಳ ಸಿಂಬಲ್ ಪಟ್ಟಿ ತೆಗೆದಿಟ್ಟಿದ್ದೇನೆ, ನಂಬರು ಇನ್ನೂ ಮುಟ್ಟಿಲ್ಲ.