ವಾರಕ್ಕೆ ಎರಡು ದಿನ, ಒಂದೊಂದೇ ಸೆಟ್: ಕಾರವಾರದ ಜಿಮ್ ಪ್ಯಾಕೇಜ್ ಸಾಕೇ?

ಕಾರವಾರ ಪೇಟೆಯ ಈ ಜಿಮ್ಮಿನಲ್ಲಿ ಪುರುಸೊತ್ತಿಲ್ಲದವರಿಗೆಂದೇ ಒಂದು ಪ್ಯಾಕೇಜ್ ಇದೆ. ವಾರಕ್ಕೆ ಎರಡು ದಿನ, ನಲವತ್ತು ನಿಮಿಷ, ಏಳು ವ್ಯಾಯಾಮ. ವಾರ್ಮ್‌ಅಪ್ ಬಿಟ್ಟರೆ ಪ್ರತಿಯೊಂದಕ್ಕೂ ಒಂದೇ ಸೆಟ್ (ನಡುವೆ ನಿಲ್ಲಿಸದೆ ಮಾಡುವ ಒಂದು ಸುತ್ತು), ಅದೂ ಇನ್ನೊಂದು ರೆಪ್ (ತೂಕವನ್ನು ಒಮ್ಮೆ ಎತ್ತಿ ಇಳಿಸುವುದು) ಏಳದು ಅನ್ನುವ ತನಕ. ಕೈಗಾ ಶಿಫ್ಟ್ ಮುಗಿಸಿ ಬರುವವರಿಗೆ ಹೇಳಿ ಮಾಡಿಸಿದಂತಿದೆ. ಇಷ್ಟರಲ್ಲಿ ಸ್ನಾಯು ಬೆಳೆಯುತ್ತದೆಯೇ? ಬೆಳೆಯುತ್ತದೆ, ಹೊಸಬರಿಗಂತೂ ಚೆನ್ನಾಗಿಯೇ. ಆದಷ್ಟೂ ಬೆಳೆಸಬೇಕು ಅನ್ನುವವರಿಗೆ ಸಾಲದು.

ಗೋಡೆಯ ಮೇಲೆ ಬಾಡಿಬಿಲ್ಡರ್ ಡೋರಿಯನ್ ಯೇಟ್ಸ್ ಫೋಟೊ ಹಾಕಿರುವುದು ಸ್ವಲ್ಪ ಅತಿಯಾಯಿತು. 1992ರಿಂದ 1997ರವರೆಗೆ ಸತತ ಆರು ಸಲ ಮಿಸ್ಟರ್ ಒಲಿಂಪಿಯಾ ದೇಹದಾರ್ಢ್ಯ ಸ್ಪರ್ಧೆ ಗೆದ್ದ ಅವರು ಕಡಿಮೆ ಸೆಟ್ ಮಾಡುತ್ತಿದ್ದುದು ನಿಜ. ಆದರೆ ಒಂದೇ ಸ್ನಾಯುವಿಗೆ ಹಲವು ವ್ಯಾಯಾಮ ಇರುತ್ತಿತ್ತು. ಸ್ಟೆರಾಯ್ಡ್ ಬಳಸಿದ್ದನ್ನು ಅವರೇ ಒಪ್ಪಿಕೊಂಡಿದ್ದಾರೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕಿಂತ ಉಪಯೋಗದ್ದು. ಮೊದಲೇ ಪಳಗಿದ್ದ ಗಂಡಸರು ಎಂಟು ವಾರ, ವಾರಕ್ಕೆ ಮೂರು ದಿನ, ವ್ಯಾಯಾಮಕ್ಕೆ ಒಂದು, ಮೂರು ಅಥವಾ ಐದು ಸೆಟ್ ಮಾಡಿದರು. ಶಕ್ತಿ ಮೂರೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಸಮ ಏರಿತು. ಸ್ನಾಯುವಿನ ದಪ್ಪ ಮಾತ್ರ ಹೆಚ್ಚು ಸೆಟ್ ಮಾಡಿದವರಲ್ಲಿ ಜಾಸ್ತಿಯಾಯಿತು. ಹಾಗಾಗಿ ಲೆಗ್ ಪ್ರೆಸ್‌ನಲ್ಲಿ (ಕಾಲಿನಿಂದ ತೂಕ ತಳ್ಳುವ ಯಂತ್ರ) ತೂಕ ಏರುತ್ತಿದೆ ಎಂದು ಸಮಾಧಾನಪಟ್ಟುಕೊಳ್ಳಬೇಡಿ, ತಿಂಗಳಿಗೊಮ್ಮೆ ತೊಡೆಗೆ ಟೇಪ್ ಹಿಡಿಯಿರಿ.

ಕಲಿಸುವ ಕ್ರಮ ಸರಿಯಾಗಿದೆ. ಚೆಸ್ಟ್ ಪ್ರೆಸ್ (ಎದೆಯಿಂದ ಮುಂದಕ್ಕೆ ತೂಕ ತಳ್ಳುವುದು) 40 ಕೆಜಿ ಎಂದಿಟ್ಟುಕೊಳ್ಳಿ: ವಾರ್ಮ್‌ಅಪ್‌ಗೆ 20ರಲ್ಲಿ ಎಂಟು ರೆಪ್, 30ರಲ್ಲಿ ನಾಲ್ಕು, ಎರಡು ನಿಮಿಷ ಬಿಟ್ಟು 40ರಲ್ಲಿ ಆರರಿಂದ ಹತ್ತು. ಹತ್ತು ಮುಟ್ಟಿದರೆ ಮುಂದಿನ ಸಲ ಎರಡೂವರೆ ಕೆಜಿ ಹೆಚ್ಚು.

ಎಡವಟ್ಟಾಗುವುದು ಸೆಟ್ಟಿನ ಕೊನೆಯಲ್ಲಿ. "ಇನ್ನು ಆಗಲ್ಲ" ಎಂದು ಹ್ಯಾಂಡಲ್ ಬಿಡುವ ಹೊಸಬರಿಗೆ ಎಷ್ಟೋ ಸಲ ಇನ್ನೂ ಮೂರು ರೆಪ್ ಬಾಕಿ ಇರುತ್ತವೆ. ಐದು ಸೆಟ್ ಮಾಡುವವರಿಗೆ ಅದು ನಡೆದೀತು. ಒಂದೇ ಸೆಟ್‌ನವರಿಗೆ ಆ ದಿನವೇ ದಂಡ. ಒಂದು ಸೆಕೆಂಡಿನಲ್ಲಿ ಏಳುತ್ತಿದ್ದ ತೂಕ, ಪೂರ್ತಿ ಬಲ ಹಾಕಿದರೂ ಮೂರ್ನಾಲ್ಕು ಸೆಕೆಂಡ್ ತೆಗೆದುಕೊಂಡರೆ ಕೊನೆ ಹತ್ತಿರ ಬಂತೆಂದು ಲೆಕ್ಕ. ಇಲ್ಲಿನ ಟ್ರೇನರ್ ಕೊನೆಯ ಎರಡು ರೆಪ್‌ಗೆ ಬೆರಳಿನ ಆಸರೆ ಕೊಡುತ್ತಾರೆ, ಡೈರಿಯಲ್ಲಿ ಅವನ್ನೂ ಸೇರಿಸಿ ಬರೆಯುತ್ತಾರೆ. ತೂಕ ಏರಿಸಿದ ದಿನ ಸೆಟ್ ಐದು ರೆಪ್‌ಗೇ ಕುಸಿಯುವುದು ಇದರಿಂದಲೇ. ತಾನಾಗಿ ಎತ್ತಿದ್ದನ್ನಷ್ಟೇ ಬರೆಸಿ.

ಪಟ್ಟಿಯಲ್ಲಿ ಮೀನಖಂಡಕ್ಕೂ ಭುಜದ ಪಕ್ಕದ ಭಾಗಕ್ಕೂ ಏನೂ ಇಲ್ಲ, ಕೇಳಿ ಸೇರಿಸಿಕೊಳ್ಳಿ. ಡಂಬೆಲ್ 10ರಿಂದ ನೇರ 12.5ಕ್ಕೆ ಹಾರುತ್ತದೆ, ಅಂದರೆ ಒಮ್ಮೆಗೇ ಕಾಲು ಭಾಗ ಹೆಚ್ಚು; ಭುಜದ ವ್ಯಾಯಾಮಕ್ಕೆ ಇದು ಕಷ್ಟ. ಎದೆ, ಬೆನ್ನು, ತೊಡೆಗೆ ಎರಡನೇ ಸೆಟ್ ಹಾಕಿದರೆ ಹೆಚ್ಚೆಂದರೆ ಹದಿನೈದು ನಿಮಿಷ ಜಾಸ್ತಿ ಹಿಡಿಯುತ್ತದೆ. ಊಟದ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. 60 ಕೆಜಿಯವರಿಗೆ ದಿನಕ್ಕೆ ಸುಮಾರು 95 ಗ್ರಾಂ ಪ್ರೋಟೀನ್ ಬೇಕು. ಬಾಂಗಡೆ ಸಿಗುವ ತನಕ ಚಿಂತೆಯಿಲ್ಲ, ಜೂನ್-ಜುಲೈನಲ್ಲಿ ಟ್ರಾಲರ್‌ಗಳು ನಿಂತಾಗ ಮೊಟ್ಟೆ, ಬೇಳೆಯೇ ಗತಿ.

ದೊಡ್ಡ ತಕರಾರು ಕಡಲ ಗಾಳಿಯದ್ದು. ಲ್ಯಾಟ್ ಪುಲ್‌ಡೌನ್‌ನ (ಬೆನ್ನಿಗಾಗಿ ಮೇಲಿನಿಂದ ಕೆಳಕ್ಕೆ ಎಳೆಯುವ ಯಂತ್ರ) ಗೈಡ್ ರಾಡ್‌ಗಳಿಗೆ, ಅಂದರೆ ತೂಕದ ಪ್ಲೇಟ್‌ಗಳು ಜಾರುವ ಸರಳುಗಳಿಗೆ, ತುಕ್ಕು ಹಿಡಿದು ಪ್ಲೇಟ್‌ಗಳು ತಡೆದು ತಡೆದು ಇಳಿಯುತ್ತವೆ. ಎಳೆಯುವಾಗ ತೂಕ ಜಾಸ್ತಿ ಅನ್ನಿಸುತ್ತದೆ, ಇಳಿಸುವಾಗ ಕಡಿಮೆ. ಒರೆಸಿ ಸಿಲಿಕಾನ್ ಸ್ಪ್ರೇ ಹೊಡೆದ ದಿನ ಎಲ್ಲರಿಗೂ ಎರಡು ರೆಪ್ ಹೆಚ್ಚು! ಮೂರು ತಿಂಗಳ ಫೀಸು ಒಟ್ಟಿಗೆ ಕಟ್ಟುವ ಮೊದಲು ಆ ಯಂತ್ರವನ್ನೊಮ್ಮೆ ಎಳೆದು ನೋಡಿ.